ಮರವಿಲ್ಲದ ನಾಡಿನ ಬಿಳಿ ಹೂವು

ನಾರ್ವೆ ದೇಶಕ್ಕೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳು ಉತ್ತರ ಧ್ರುವಕ್ಕೆ ತೀರ ಹತ್ತಿರ. ಅಲ್ಲಿಯ ಮುಖ್ಯ ಊರು ಲಾಂಗ್‌ಯಿಯರ್‌ಬ್ಯೆನ್ ಇರುವುದು 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. 2023ರ ಜುಲೈನಲ್ಲಿ ಮಗಳ ಒತ್ತಾಯಕ್ಕೆ ನಮ್ಮವರೂ ನಾನೂ ಆಸ್ಲೋದಿಂದ ಮೂರು ಗಂಟೆ ವಿಮಾನದಲ್ಲಿ ಕುಳಿತು ಅಲ್ಲಿಗೆ ಹೋದೆವು. ನಡುರಾತ್ರಿಯಲ್ಲೂ ಸೂರ್ಯ ಮುಳುಗುವುದಿಲ್ಲ! ಮ್ಯೂಸಿಯಮ್ಮಿನ ಬಾಗಿಲಲ್ಲಿ ಬೂಟು ಕಳಚಿಡಬೇಕೆಂದಾಗ ಮಾತ್ರ ನಮ್ಮ ಕಡೆಯ ಮನೆಗಳ ನೆನಪಾಯಿತು.

ಊರಾಚೆ ಹಿಮಕರಡಿಗಳ ಭಯ. ಬಂದೂಕು ಹಿಡಿದ ಗೈಡ್ ಜೊತೆಯಲ್ಲೇ ನಡೆಯಬೇಕು. ಕಣ್ಣು ಹಾಯಿಸಿದತ್ತ ಒಂದು ಮರವಿಲ್ಲ. ಆದರೆ ಜಲ್ಲಿಕಲ್ಲುಗಳ ನಡುವೆ, ನೆಲಕ್ಕೆ ಅಂಟಿಕೊಂಡು, ಎಂಟೆಸಳಿನ ಬಿಳಿ ಹೂಗಳು! ಹೆಸರು ಡ್ರಯಾಸ್ ಆಕ್ಟೋಪೆಟಾಲ. ಆಲ್ಪ್ಸ್ ಪರ್ವತಗಳಲ್ಲೂ ಬೆಳೆಯುತ್ತದೆ. ಸೂರ್ಯ ಹೋದತ್ತ ಮುಖ ತಿರುಗಿಸಿ, ತನ್ನ ಬಟ್ಟಲಿನಲ್ಲಿ ಬಿಸಿಲು ಹಿಡಿದು ಬೆಚ್ಚಗಿರುವ ಜಾಣ ಹೂವು.

ಹಿಮಯುಗದಲ್ಲಿ ಈ ದ್ವೀಪಗಳ ಬಹುಭಾಗ ಮಂಜುಗಡ್ಡೆಯಡಿ ಹೂತಿತ್ತು. ಹಾಗಾದರೆ ಈ ಗಿಡಗಳು ನೂರಾರು ಕಿಲೋಮೀಟರ್ ಸಮುದ್ರ ದಾಟಿ ಬಂದದ್ದೆಲ್ಲಿಂದ? ನಾರ್ವೆಯ ವಿಜ್ಞಾನಿ ಇಂಗರ್ ಗ್ರೇವೆ ಆಲ್ಸೋಸ್ ಮತ್ತು ಸಂಗಡಿಗರು ಡ್ರಯಾಸ್ ಸೇರಿದಂತೆ ಒಂಬತ್ತು ಜಾತಿಯ 4,439 ಗಿಡಗಳನ್ನು ಪರೀಕ್ಷಿಸಿ ಇದಕ್ಕೆ ಉತ್ತರ ಹುಡುಕಿದರು. ಎಲೆಯಿಂದ ಡಿಎನ್‌ಎ ತೆಗೆದು, ಕಿಣ್ವಗಳಿಂದ ಕತ್ತರಿಸಿ, ಆಯ್ದ ತುಂಡುಗಳನ್ನು ಅನೇಕ ಪಟ್ಟು ಹೆಚ್ಚಿಸಿ, ಉದ್ದದ ಪ್ರಕಾರ ಬೇರ್ಪಡಿಸುತ್ತಾರೆ. ಯಾವ ತುಂಡು ಇದೆ, ಯಾವುದು ಇಲ್ಲ ಎಂಬುದೇ ತಳಿಯ ಗುರುತು. ಸಾರಿನ ರುಚಿ ನೋಡಿ ‘ಇವರು ಧಾರವಾಡದ ಕಡೆಯವರು, ಇವರು ಮಂಗಳೂರಿನವರು’ ಎಂದು ನಾವು ಹೇಳುವುದಿಲ್ಲವೇ, ಹಾಗೆ!

2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಉತ್ತರ ಅಚ್ಚರಿಯದು. ಬೀಜಗಳು ಬಂದದ್ದು ಒಮ್ಮೆಯಲ್ಲ, ಹಲವು ಸಲ, ಹಲವು ದಿಕ್ಕುಗಳಿಂದ. ಅದರಲ್ಲೂ ಹೆಚ್ಚಾಗಿ ರಷ್ಯಾದ ವಾಯವ್ಯ ಭಾಗದಿಂದ. ಗಾಳಿ, ಹಕ್ಕಿ, ತೇಲುವ ಮರದ ದಿಮ್ಮಿ, ಸಮುದ್ರದ ಮೇಲಿನ ಮಂಜುಗಡ್ಡೆ ಇವುಗಳ ವಾಹನವಾಗಿರಬೇಕೆಂದು ಅವರ ಊಹೆ. ಬಂದು ಸೇರುವುದಕ್ಕಿಂತ ಆ ಚಳಿಯಲ್ಲಿ ಬೇರೂರುವುದೇ ಕಷ್ಟವಾಗಿತ್ತಂತೆ. ಹೊರನಾಡಿನಲ್ಲಿ ಮನೆ ಮಾಡಿದ ನಮಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಈಗ ಕಥೆ ತಿರುಗುತ್ತಿದೆ. ಭೂಮಿ ಬಿಸಿಯಾದಂತೆ ಅಲ್ಲಿಯ ನೆಲ ಹೊಸ ಗಿಡಗಳಿಗೆ ಹದವಾಗುತ್ತಿದೆ. ಬೀಜ ಹೊತ್ತು ತರುವ ಮಂಜಿನ ತೆಪ್ಪವೋ ವರ್ಷ ವರ್ಷ ಕರಗುತ್ತಿದೆ. ಬಾಗಿಲು ತೆರೆದಾಗ ದಾರಿಯೇ ಮುಚ್ಚಿಹೋದರೆ ಏನು ಗತಿ?

ಅಲ್ಲಿ ಹೂ ಕೀಳುವಂತಿಲ್ಲ, ಅದು ಕಾನೂನು. ಮೊಣಕಾಲೂರಿ ಕುಳಿತು ಕಣ್ತುಂಬ ನೋಡಿ ಬಂದೆ.