ಮೂವತ್ತೊಂದು ಸಾವಿರ ಓಡಿದ ಪಿಕಪ್

31 ಆಗಸ್ಟ್ 2025, ಭಾನುವಾರ

ಅಕ್ಕನ ಮನೆಗೆ ಹೋಗಿ ಪಿಕಪ್ ನೋಡಿ ಬಂದೆ. ಬೊಲೆರೊ, ಬಿಎಸ್ 6 ಡೀಸೆಲ್, 2021ರ ಜೂನ್‌ನಲ್ಲಿ ತಿಪಟೂರಿನಲ್ಲೇ ನೋಂದಣಿಯಾದದ್ದು. ಮೀಟರಿನಲ್ಲಿ 31,000 ಚಿಲ್ಲರೆ. ತೋಟದ ಕೊಬ್ಬರಿಯನ್ನು ಮಾರುಕಟ್ಟೆಗೆ ಹಾಕಲೆಂದೇ ಭಾವ ಕೊಂಡಿದ್ದರು, ಬಾಡಿಗೆಗೆ ಬಿಟ್ಟವರಲ್ಲ. ಕಳೆದ ನವೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಗಾಡಿ ಶೆಡ್ಡಿನಲ್ಲೇ ನಿಂತಿದೆ.

“ಓಡೇ ಇಲ್ವಲ್ಲೋ, ಹೊಸದಿದ್ದಂಗೇ ಐತೆ. ಎಂಟು ಲಕ್ಷಕ್ಕೆ ಕಮ್ಮಿ ಕೊಡಲ್ಲ” ಅಂತಾಳೆ ಅಕ್ಕ. ಊರಿನ ದಲ್ಲಾಳಿ ನಾಲ್ಕು ಎಂಬತ್ತು ಅಂದು ಹೋಗಿದ್ದಾನೆ. ಎರಡೂ ಸರಿಯಲ್ಲ ಎಂದು ಮನಸ್ಸು ಹೇಳುತ್ತದೆ. ಇಷ್ಟು ವರ್ಷ ಇನ್ಶೂರೆನ್ಸ್ ಸರ್ವೇಯರ್ ಆಗಿ ಗಾಡಿಗಳಿಗೆ ಬೆಲೆ ಕಟ್ಟಿದ್ದೇನೆ. ಅಕ್ಕನಿಗೆ ಒಂದು ರೂಪಾಯಿ ಮೋಸವಾಗಬಾರದು. ಕೊಳ್ಳುವವನಿಗೂ ಆಗಬಾರದು.

ಇನ್ಶೂರೆನ್ಸ್ ಲೆಕ್ಕ ಹಾಕಿದರೆ ನಾಲ್ಕು ವರ್ಷ ದಾಟಿ ಐದರೊಳಗಿರುವ ಗಾಡಿಗೆ ಅದೇ ಮಾಡೆಲಿನ ಹೊಸದರ ಬೆಲೆಯಲ್ಲಿ ಶೇ. 50 ಕಳೆಯಬೇಕು. ಹೊಸದು ಹತ್ತು ಲಕ್ಷದ ಆಸುಪಾಸು, ಅಂದರೆ ಐದು ಲಕ್ಷ. ಮೀಟರ್ ಎಷ್ಟಾಗಿದೆ ಎಂದು ಆ ಕೋಷ್ಟಕ ಕೇಳುವುದೇ ಇಲ್ಲ. ಸಂತೆ ಹಾಗಲ್ಲ. ಈ ಮಾಡೆಲಿಗೆ ನಮ್ಮ ಕಡೆ ಬೇಡಿಕೆ ಇದೆ, ಈ ವರ್ಷ ಕೊಬ್ಬರಿ ಕ್ವಿಂಟಲಿಗೆ 25,000 ದಾಟಿದ್ದರಿಂದ ಜನರ ಕೈಯಲ್ಲಿ ದುಡ್ಡೂ ಇದೆ.

2 ಸೆಪ್ಟೆಂಬರ್, ಮಂಗಳವಾರ

ಕಮ್ಮಿ ಓಡಿದೆ ಅಂದರೆ ಸಾಲದು, ಅದಕ್ಕೆ ಸಾಕ್ಷಿ ಬೇಕು. ಮೀಟರ್ ತಿರುಗಿಸುವುದು ಎಷ್ಟು ಸುಲಭ ಎಂದು ಕೊಳ್ಳುವವರಿಗೆ ಗೊತ್ತಿದೆ, ಹಾಗಾಗಿ ಕಮ್ಮಿ ಅಂಕಿ ಕಂಡರೆ ಮೊದಲು ಹುಟ್ಟುವುದು ಅನುಮಾನ. ಭಾವ ಪ್ರತಿ ಸರ್ವೀಸಿನ ಬಿಲ್ಲನ್ನೂ ಒಂದು ಫೈಲಿನಲ್ಲಿ ಇಟ್ಟಿದ್ದಾರೆ, ಪ್ರತಿಯೊಂದರ ಮೇಲೂ ದಿನಾಂಕ ಮತ್ತು ಕಿಲೋಮೀಟರ್. ಮೊದಲ ಬಿಲ್ಲಿನಿಂದ ಕೊನೆಯದರವರೆಗೆ ಅಂಕಿ ಎಲ್ಲೂ ಹಿಂದಕ್ಕೆ ಹೋಗಿಲ್ಲ, ಎಲ್ಲೂ ಜಿಗಿದಿಲ್ಲ. ಫಾಸ್ಟ್ಯಾಗ್ ಲೆಕ್ಕ ತೆಗೆಸಿದೆ: ಟೋಲ್ ದಾಟಿದ್ದೇ ಅಪರೂಪ. ಕ್ಲಚ್ ಪೆಡಲಿನ ರಬ್ಬರಿನ ಗೀರುಗಳು ಹಾಗೇ ಇವೆ, ಹಿಂದಿನ ಪಟ್ಟಾ ಕುಸಿದಿಲ್ಲ, ಕ್ಯಾರಿಯರಿನ ತಳದಲ್ಲಿ ತಗ್ಗುಗಳಿಲ್ಲ. ಆ ಫೈಲು ಇಲ್ಲದಿದ್ದರೆ ಈ 31,000ವನ್ನು ಯಾರೂ ನಂಬುತ್ತಿರಲಿಲ್ಲ.

ಆದರೆ ನಿಂತ ಗಾಡಿಗೂ ವಯಸ್ಸಾಗುತ್ತದೆ. ಟೈರಿನ ಪಕ್ಕದಲ್ಲಿ ‘0921’ ಎಂದಿದೆ, 2021ರ ಒಂಬತ್ತನೇ ವಾರ ತಯಾರಾದದ್ದು. ಗುಂಡಿಗಳೆಲ್ಲ ಚೆನ್ನಾಗಿವೆ, ಆದರೆ ಪಕ್ಕದ ರಬ್ಬರಿನಲ್ಲಿ ಸಣ್ಣ ಬಿರುಕು ಶುರುವಾಗಿದೆ. ಬ್ಯಾಟರಿ ಸತ್ತಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಕಪ್ಪಾಗಿದೆ. ಬಾನೆಟ್ಟಿನ ಒಳಗೆ ಇಲಿ ಒಂದು ವೈರಿನ ತೊಗಟೆ ಕಡಿದಿದೆ, ತೋಟದ ಶೆಡ್ಡಿನಲ್ಲಿ ಇದು ತಪ್ಪಿದ್ದಲ್ಲ. ಮನೆಗೇ ಬಂದ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ಇನ್ನೊಂದನ್ನು ತೋರಿಸಿದ: ಸೈಲೆನ್ಸರಿನಲ್ಲಿ ಹೊಗೆಯ ಮಸಿ ಸೋಸುವ ಡಿಪಿಎಫ್‌ನಲ್ಲಿ ಮಸಿ ತುಂಬುತ್ತ ಬಂದಿದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಬಹಳ ಹೊತ್ತು ಓಡಿದರೆ ಆ ಮಸಿ ತಾನೇ ಉರಿದು ಹೋಗುತ್ತದೆ. ತೋಟದಿಂದ ಮಾರುಕಟ್ಟೆ, ಮಾರುಕಟ್ಟೆಯಿಂದ ತೋಟ, ಅಷ್ಟರಲ್ಲಿ ಅದು ಉರಿಯುವಷ್ಟು ಬಿಸಿಯೇ ಏರುವುದಿಲ್ಲ. ಬಿಎಸ್ 6 ಡೀಸೆಲ್ ಮಟ್ಟಿಗೆ ಕಮ್ಮಿ ಓಟ, ಅದೂ ಗಿಡ್ಡ ಗಿಡ್ಡ ಓಟ, ಪೂರ್ತಿ ಲಾಭದ ಮಾತಲ್ಲ.

3 ಸೆಪ್ಟೆಂಬರ್, ಬುಧವಾರ

ತಿಪಟೂರು, ತುಮಕೂರಿನಲ್ಲಿ ವಿಚಾರಿಸಿದೆ. ಅದೇ ವರ್ಷದ, ಲಕ್ಷ ದಾಟಿದ ಗಾಡಿಗಳಿಗೆ ಕೇಳುವ ಬೆಲೆ ಆರು ಇಪ್ಪತ್ತು, ಕೈಬದಲಾಗುವುದು ಐದು ಎಂಬತ್ತರ ಸುಮಾರಿಗೆ. ಕೇಳುವ ಬೆಲೆಯನ್ನು ನಂಬಿ ಲೆಕ್ಕ ಕಟ್ಟಬಾರದು.

ಬಾಡಿಗೆ ದಂಧೆಯಲ್ಲಿ ಓಡುವ ಗಾಡಿ ನಾಲ್ಕು ವರ್ಷಕ್ಕೆ ಒಂದು ಲಕ್ಷದ ಹತ್ತು ಸಾವಿರ ಓಡಿರುತ್ತದೆ ಎಂದಿಟ್ಟುಕೊಳ್ಳುತ್ತೇನೆ. ಅಕ್ಕನದು ಸುಮಾರು 80,000 ಕಮ್ಮಿ. ಆ ಓಡದ ಕಿಲೋಮೀಟರಿಗೆ ಬೆಲೆ ಎಷ್ಟು? ಕ್ಲಚ್ ಪ್ಲೇಟು, ಬುಷ್‌ಗಳು, ಇಂಜೆಕ್ಟರ್ ಕೆಲಸ, ಮುಂದಿನವನಿಗೆ ತಡವಾಗಿ ಬರುವ ಖರ್ಚುಗಳು ಇವು. ಎಲ್ಲ ಸೇರಿಸಿ ಕಿಲೋಮೀಟರಿಗೆ ಒಂದು ರೂಪಾಯಿ ಹಿಡಿದೆ. ಐದು ಎಂಬತ್ತಕ್ಕೆ ಎಂಬತ್ತು ಸಾವಿರ ಕೂಡಿಸಿದರೆ ಆರು ಅರವತ್ತು. ಟೈರಿಗೆಂದು ಇಪ್ಪತ್ತು ಸಾವಿರ ಕಳೆದರೆ ಆರು ನಲವತ್ತು. ಬ್ಯಾಟರಿ, ಬ್ರೇಕ್, ವೈರಿಂಗ್ ನಾವೇ ಮಾಡಿಸಿ ಕೊಡುವುದು.

ಆರು ನಲವತ್ತು ಅಂದದ್ದಕ್ಕೆ ಅಕ್ಕ ಫೋನಿನಲ್ಲಿ ಏನೂ ಹೇಳಲಿಲ್ಲ.

4 ಸೆಪ್ಟೆಂಬರ್, ಗುರುವಾರ

ನಿನ್ನೆ ರಾತ್ರಿ ಜಿಎಸ್‌ಟಿ ಮಂಡಳಿಯ ತೀರ್ಮಾನ ಬಂದಿದೆ. ಸರಕು ಸಾಗಣೆ ವಾಹನಗಳ ತೆರಿಗೆ ಇದೇ ತಿಂಗಳ 22ರಿಂದ ಶೇ. 28ರ ಬದಲು 18. ತೆರಿಗೆ ಸೇರಿ ಹತ್ತು ಲಕ್ಷವಿದ್ದ ಹೊಸ ಪಿಕಪ್ 9,21,875ಕ್ಕೆ ಇಳಿಯುತ್ತದೆ. 78,000 ರೂಪಾಯಿ ಕಮ್ಮಿ. ಹಳೆಯದರ ಬೆಲೆ ಹೊಸದಕ್ಕೆ ಕಟ್ಟಿಹಾಕಿದ್ದು. ಹೊಸದರ ಬೆಲೆಯಲ್ಲಿ ನೂರಕ್ಕೆ ಐವತ್ತೆಂಟರಷ್ಟಕ್ಕೆ ಮಾರಾಟವಾಗುತ್ತಿದ್ದ ಗಾಡಿ ಅದೇ ಪ್ರಮಾಣದಲ್ಲಿ ನಲವತ್ತೈದು ಸಾವಿರ ಇಳಿಯಬೇಕು. ಐದು ತೊಂಬತ್ತೈದು. ಅಕ್ಕನ ಗಾಡಿಯಲ್ಲಿ ಒಂದು ಬೋಲ್ಟೂ ಬದಲಾಗಿಲ್ಲ, ಬೆಲೆ ಮಾತ್ರ ಬದಲಾಯಿತು. ಅವಳಿಗೆ ಎದುರು ಕೂತೇ ಹೇಳಬೇಕು, ಫೋನಿನಲ್ಲಲ್ಲ.

14 ಸೆಪ್ಟೆಂಬರ್, ಭಾನುವಾರ

ಪಿತೃಪಕ್ಷ. ಗಾಡಿ ಕೇಳಲು ಒಬ್ಬರೂ ಬರುವುದಿಲ್ಲ, ಬಂದರೂ ಮುಂಗಡ ಕೊಡುವುದಿಲ್ಲ. ಕಾಗದದ ಕೆಲಸಕ್ಕೆ ಇದೇ ಹೊತ್ತು. ಆರ್‌ಸಿ ಇನ್ನೂ ಭಾವನ ಹೆಸರಲ್ಲಿದೆ. ಮರಣ ಪತ್ರ, ನಾಡಕಚೇರಿಯ ವಂಶವೃಕ್ಷ, ಮಕ್ಕಳ ಒಪ್ಪಿಗೆ ಜೋಡಿಸಿ ಫಾರಂ 31 ಹಾಕಿದ್ದೇವೆ. ಅಕ್ಕನ ಹೆಸರಿಗೆ ಬಂದ ಮೇಲಷ್ಟೇ ಅವಳು ಮಾರಾಟದ ಫಾರಂ 29, 30ಕ್ಕೆ ಸಹಿ ಹಾಕಬಹುದು. ಜೂನಿನಲ್ಲಿ ಮುಗಿದಿದ್ದ ಫಿಟ್ನೆಸ್ ಪತ್ರ, ಅಂದರೆ ಎಫ್‌ಸಿ ಕೂಡ ಮಾಡಿಸಿದೆವು. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಕೊಳ್ಳುವವನಿಗೆ 2027ರವರೆಗೆ ಆ ಓಡಾಟವಿಲ್ಲ, ಇದನ್ನು ಜಾಹೀರಾತಿನಲ್ಲೇ ಹಾಕಬೇಕು.

ಎಫ್‌ಸಿ ಕೈಗೆ ಬಂದದ್ದರಿಂದ ಇವತ್ತು ಬಿ.ಎಚ್. ರಸ್ತೆಯಲ್ಲಿ ಅರಸೀಕೆರೆವರೆಗೆ ಹೋಗಿ ಬಂದೆವು, ಮೆಕ್ಯಾನಿಕ್ ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು. ವಾಪಸ್ಸು ಬರುವ ಹೊತ್ತಿಗೆ ಮಸಿಯ ಅಂಕಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಎಂಜಿನ್ನಿನ ದನಿ ಕೇಳಿ ನನಗೆ ಸಂತೋಷವಾಯಿತು. ಭಾವ ಒಳ್ಳೆಯ ಕೈಯಿಂದ ಓಡಿಸಿದ್ದಾರೆ.

ಮಧ್ಯಾಹ್ನ ಅಕ್ಕನಿಗೆ ಲೆಕ್ಕವನ್ನೆಲ್ಲ ಬರೆದು ತೋರಿಸಿದೆ. “ಅವ್ರು ಇದ್ದಿದ್ರೆ ಮಾರ್ತಾ ಇರ್ಲಿಲ್ಲ” ಅಂದಳು. ಆಮೇಲೆ ಜಿಎಸ್‌ಟಿ ಸಾಲನ್ನು ಇನ್ನೊಂದು ಸಲ ಓದಿಸಿಕೊಂಡು, “ಆರು ಅಂತ ಹೇಳು, ನೋಡಾಣ” ಅಂದಳು.

23 ಸೆಪ್ಟೆಂಬರ್, ಮಂಗಳವಾರ

ಆರ್‌ಸಿ ಅಕ್ಕನ ಹೆಸರಿಗೆ ಬಂತು. ತುರುವೇಕೆರೆ ಕಡೆಯ ಒಬ್ಬ ಹುಡುಗ ಬಂದಿದ್ದ, ಎಳನೀರು ವ್ಯಾಪಾರ. ಅವನ ಹತ್ತಿರ ಇರುವುದು ಸಾಮಾನ್ಯ ಎಲ್‌ಎಂವಿ ಲೈಸೆನ್ಸು, ಅಷ್ಟೇ ಸಾಕು. 7,500 ಕಿಲೋ ಒಳಗಿನ ಸರಕು ಗಾಡಿಗೆ ಬೇರೆ ಪರವಾನಗಿ ಬೇಡ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕಳೆದ ನವೆಂಬರಿನಲ್ಲಿ ಹೇಳಿದೆ. ಈ ತೂಕದ ಗಾಡಿಗೆ ಗಿರಾಕಿ ಹೆಚ್ಚಿರಲು ಅದೂ ಒಂದು ಕಾರಣ.

ಐದು ಐವತ್ತರಿಂದ ಶುರು ಮಾಡಿದ. ಫೈಲು ಮುಂದಿಟ್ಟೆ. ಟೈರಿನ ಬಿರುಕು, ಇಲಿ ಕಡಿದು ಸರಿಮಾಡಿಸಿದ ವೈರು, ಡಿಪಿಎಫ್ ವಿಷಯ, ಎಲ್ಲ ನಾನೇ ಹೇಳಿದೆ. ಗಾಡಿ ಇಷ್ಟವಾಗಿದೆ, ಆದರೆ ಅವನ ಕಷ್ಟ ಬೇರೆ. ಫೈನಾನ್ಸಿನವರು ವರ್ಷ, ಮಾಡೆಲ್ ನೋಡಿ ಬೆಲೆ ಕಟ್ಟುತ್ತಾರೆ, ಲಕ್ಷ ಓಡಿದ್ದಕ್ಕೂ ಇದಕ್ಕೂ ಅವರ ಪುಸ್ತಕದಲ್ಲಿ ಒಂದೇ ಸಾಲ. ಕಮ್ಮಿ ಓಡಿದ್ದರ ಹೆಚ್ಚುವರಿಯನ್ನು ಅವನು ಕೈಯಿಂದಲೇ ಹಾಕಬೇಕು. ಕಮ್ಮಿ ಓಡಿದ ಗಾಡಿಯನ್ನು ಎಲ್ಲರೂ ಹೊಗಳಿದರೂ ಕೊಳ್ಳುವವರು ಮಾತ್ರ ಕೆಲವರೇ ಆಗುವುದು ಇದಕ್ಕೇ. ಐದು ತೊಂಬತ್ತಕ್ಕೆ ನಿಂತಿತು. ಅಕ್ಕ ಒಪ್ಪಿದಳು.

ಮುಂಗಡ ಕೊಟ್ಟು ಇವತ್ತೇ ಒಯ್ಯುತ್ತೇನೆ, ಹೆಸರು ಆಮೇಲೆ ಬದಲಾಯಿಸೋಣ ಅಂದ. ನಾನು ಬಿಡಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಂಥ ಹೊರೆ ಹೊತ್ತವರನ್ನು ನನ್ನ ಕೆಲಸದಲ್ಲಿ ನೋಡಿದ್ದೇನೆ. ಅಕ್ಕನ ತಲೆಗೆ ಅದು ಬರಕೂಡದು.

30 ಸೆಪ್ಟೆಂಬರ್, ಮಂಗಳವಾರ

ಸಾಲ ಮಂಜೂರಾಯಿತು, ದುಡ್ಡು ಅಕ್ಕನ ಖಾತೆಗೆ ಬಂತು, ಹೆಸರು ಬದಲಾವಣೆಯೂ ಆಯಿತು. ನಾಳೆಯ ಆಯುಧಪೂಜೆಗೆ ಗಾಡಿ ಹುಡುಗನ ಮನೆಯಲ್ಲಿರುತ್ತದೆ. ಡೆಲಿವರಿ ಚೀಟಿಯಲ್ಲಿ ದಿನಾಂಕ, ಹೊತ್ತು, ಮೀಟರಿನ ಅಂಕಿ ಬರೆದು ಇಬ್ಬರ ಸಹಿ ಹಾಕಿಸಿದೆ. ಸರ್ವೀಸ್ ಫೈಲನ್ನು ಅವನಿಗೇ ಕೊಟ್ಟೆ, ಮುಂದೆ ಅವನು ಮಾರುವಾಗ ಬೇಕಾಗುತ್ತದೆ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಉದ್ದಕ್ಕೆ ಓಡಿಸು ಎಂದು ಹೇಳಿದ್ದೇನೆ. ಭಾವನ ಹೆಸರಿನ ಫಾಸ್ಟ್ಯಾಗ್ ಮುಚ್ಚಿಸಿ, ಉಳಿದ ಹಣ ಅಕ್ಕನಿಗೆ ವಾಪಸ್ ಬರುವಂತೆ ಮಾಡುವ ಕೆಲಸ ಬಾಕಿ ಇದೆ, ರಜೆ ಮುಗಿದ ಮೇಲೆ ಬ್ಯಾಂಕಿಗೆ ಹೋಗಬೇಕು.