ನಗೆಯಲ್ಲೂ ಪಂಕ್ತಿಭೇದ

ಜಗಳವಾಡಿ ದೂರವಾದವರಿಗಿಂತ ನಗೆಚಾಟಿಕೆಯಿಂದ ದೂರವಾದವರೇ ಹೆಚ್ಚು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಜಗಳವಾದರೆ ಯಾರು ಏನೆಂದರು ಎಂಬುದು ನಾಲ್ಕು ಜನರಿಗೆ ಗೊತ್ತಿರುತ್ತದೆ, ಹಿರಿಯರು ಕೂರಿಸಿ ರಾಜಿ ಮಾಡಿಸಬಹುದು. ನಗೆಯಲ್ಲಿ ಆದ ನೋವಿಗೆ ಆ ಅನುಕೂಲವಿಲ್ಲ. ನೊಂದವನು ಬಾಯಿ ಬಿಟ್ಟರೆ, ‘ತಮಾಷೆಗೆ ಅಂದದ್ದು ಮಾರಾಯ, ಅಷ್ಟೂ ಗೊತ್ತಾಗಲ್ವಾ?’ ಎಂದು ಇನ್ನೊಮ್ಮೆ ನಗುತ್ತಾರೆ. ಅದಕ್ಕೇ ಅವನು ಎಲ್ಲರ ಜೊತೆ ತಾನೂ ನಕ್ಕು, ಮುಂದಿನ ಸಲ ಬರುವುದನ್ನೇ ಬಿಟ್ಟುಬಿಡುತ್ತಾನೆ.

ಬೇರೆ ಬೇರೆ ಮತ, ಜಾತಿ, ಭಾಷೆಯವರು ಕೂಡುವ ಯಾವ ಕೂಟಕ್ಕೂ ಈ ಕಷ್ಟ ತಪ್ಪಿದ್ದಲ್ಲ. ಇದನ್ನು ಮುನ್ನೂರು ವರ್ಷಗಳ ಹಿಂದೆಯೇ ಗುರುತಿಸಿ ನಿಯಮವಾಗಿ ಬರೆದಿಟ್ಟ ಕೂಟವೊಂದಿದೆ. ಅದೇ ಫ್ರೀಮೇಸನ್ನರ ಸಂಘ. ನಾನು ಅದರ ಸದಸ್ಯನಲ್ಲ. ಅವರ ಗುಟ್ಟುಗಳ ಬಗ್ಗೆ ಜನಕ್ಕಿರುವ ಕುತೂಹಲವೂ ನನಗಿಲ್ಲ. ಅಷ್ಟು ಬಗೆಯ ಜನ ಒಂದೇ ಮೇಜಿನಲ್ಲಿ ಕೂತು ಉಣ್ಣಲು ಏನೇನು ಮಾಡಿಕೊಂಡರು ಎಂಬುದು ಮಾತ್ರ ನನ್ನನ್ನು ಮತ್ತೆ ಮತ್ತೆ ಸೆಳೆದಿದೆ.

1723ರಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಸ್ಕಾಟಿಷ್ ಪಾದ್ರಿಗಳು ಲಂಡನ್ನಿನಲ್ಲಿ ಈ ಸಂಘದ ನಿಯಮಾವಳಿಯನ್ನು ಪ್ರಕಟಿಸಿದರು. ಪದಚ್ಯುತ ರಾಜವಂಶದ ಪರವಾಗಿ ಎದ್ದ 1715ರ ಜಾಕೊಬೈಟ್ ದಂಗೆ ನಡೆದು ಆಗಿನ್ನೂ ಎಂಟೇ ವರ್ಷ. ಮತ ಮತ್ತು ಸಿಂಹಾಸನದ ಹೆಸರೆತ್ತಿದರೆ ಸಾಕು, ಕತ್ತಿ ಹೊರಬರುತ್ತಿದ್ದ ಕಾಲ. ಲಾಡ್ಜಿನ, ಎಂದರೆ ಸಂಘದ ಸ್ಥಳೀಯ ಶಾಖೆಯ, ಬಾಗಿಲೊಳಗೆ ಮತ, ರಾಷ್ಟ್ರ, ರಾಜಕೀಯದ ಜಗಳ ತರಕೂಡದು ಎಂಬ ಅವರ ನಿಯಮವನ್ನು ಬಹಳ ಜನ ಬಲ್ಲರು. ಅದೇ ಪುಟಗಳಲ್ಲಿ ಇನ್ನೊಂದು ವಿಷಯವೂ ಇದೆ. ಸಭೆ ಮುಗಿದು ಸದಸ್ಯರು ಇನ್ನೂ ಮನೆಗೆ ಹೋಗದ ಹೊತ್ತಿನಲ್ಲಿ ಹೇಗಿರಬೇಕು ಎಂಬುದು. ನಿರ್ಮಲವಾಗಿ ನಗಬಹುದು, ಯಾರನ್ನೂ ಮನಸ್ಸಿಲ್ಲದೆ ತಿನ್ನಲು ಕುಡಿಯಲು ಒತ್ತಾಯಿಸಬಾರದು, ಮನೆಗೆ ಹೊರಟವನನ್ನು ತಡೆಯಬಾರದು, ಇನ್ನೊಬ್ಬರ ಮನಸ್ಸು ನೋಯುವಂಥದ್ದನ್ನು, ಸರಾಗವಾದ ಮಾತುಕತೆಗೆ ಅಡ್ಡಿಯಾಗುವಂಥದ್ದನ್ನು ಆಡಲೂಬಾರದು, ಮಾಡಲೂಬಾರದು ಎಂಬುದು ಅದರ ಸಾರ.

ಇದನ್ನು ಬರೆದವರಿಗೆ ಮನುಷ್ಯರ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಸಭೆಯಲ್ಲಿ ಅಧ್ಯಕ್ಷರ ಕೈಯಲ್ಲಿ ಸುತ್ತಿಗೆ ಇರುತ್ತದೆ, ಯಾರೂ ಮೇರೆ ಮೀರುವುದಿಲ್ಲ. ನಾಲಗೆ ಸಡಿಲವಾಗುವುದು ಊಟದ ಮೇಜಿನಲ್ಲಿ. ಸಭೆಯಲ್ಲಿ ವಾದವಾಗಿ ಬರಲಾಗದ ತಿರಸ್ಕಾರ ಅಲ್ಲಿ ಹಾಸ್ಯದ ವೇಷ ತೊಟ್ಟು ಬರುತ್ತದೆ. ಮಾಂಸ ತಿನ್ನದವನನ್ನು ‘ಪುಳಿಚಾರು’ ಎನ್ನುವುದು, ತಿನ್ನುವವನ ತಟ್ಟೆ ಕಂಡು ಮೂಗು ಮುಚ್ಚಿ ನಗುವುದು, ಒಬ್ಬನ ಗಡ್ಡ, ಇನ್ನೊಬ್ಬನ ಮುಂಡಾಸು, ಮತ್ತೊಬ್ಬನ ಉಚ್ಚಾರಣೆ, ಎಲ್ಲವೂ ಅಲ್ಲಿ ಸರಕು. ಈ ಹೊತ್ತಿನ ಉಸ್ತುವಾರಿಗೆಂದೇ ಲಾಡ್ಜಿನಲ್ಲಿ ಜೂನಿಯರ್ ವಾರ್ಡನ್ ಇರುತ್ತಾರೆ. ವಿರಾಮ ಅತಿರೇಕಕ್ಕೆ ಹೋಗದಂತೆ ನೋಡಿಕೊಳ್ಳುವುದು ಅವರ ಹೊಣೆ.

ಭಾರತದ ಲಾಡ್ಜುಗಳಲ್ಲಿ ಈ ಮೇಜಿಗೆ ಬಂದು ಕೂರುವುದೇ ಒಂದು ಹೋರಾಟವಾಗಿತ್ತು. ಮಾಣೆಕ್‌ಜಿ ಕರ್ಸೆಟ್‌ಜಿ ಎಂಬ ಪಾರ್ಸಿ ಗೃಹಸ್ಥರು ಬೊಂಬಾಯಿಯಲ್ಲಿ ಸಿಗದ ದೀಕ್ಷೆಯನ್ನು ಪ್ಯಾರಿಸ್ಸಿನಲ್ಲಿ ಪಡೆದು ಬಂದರು. 1843ರಲ್ಲಿ ಡಾ. ಜೇಮ್ಸ್ ಬರ್ನ್ಸ್ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಲಾಡ್ಜ್ ತೆರೆದ ಮೇಲೆ ಬೊಂಬಾಯಿಯ ಭಾರತೀಯರಿಗೆ ದಾರಿಯಾಯಿತು. ಕಲ್ಕತ್ತೆಯಲ್ಲಿ ಹಿಂದೂಗಳ ದೇವರುಗಳ ಬಗ್ಗೆಯೇ ತಕರಾರು ಎದ್ದಿತ್ತು. ಪ್ರಸನ್ನಕುಮಾರ ದತ್ತರು ವರ್ಷಗಟ್ಟಲೆ ಪಟ್ಟು ಹಿಡಿದು 1872ರಲ್ಲಿ ಒಳಗೆ ಬಂದರು. ಅದೇ ಊರಿನಲ್ಲಿ 1884ರಲ್ಲಿ ‘ಆಂಕರ್ ಅಂಡ್ ಹೋಪ್’ ಲಾಡ್ಜಿಗೆ ಸೇರಿದ ತರುಣ ನರೇಂದ್ರನಾಥ ದತ್ತರೇ ಮುಂದೆ ಸ್ವಾಮಿ ವಿವೇಕಾನಂದರಾದರು. ಇಷ್ಟು ಕಷ್ಟಪಟ್ಟು ಕುರ್ಚಿ ಗಳಿಸಿದವನು ತನ್ನ ದೇವರ ಮೇಲೆ ಒಬ್ಬರು ಹಾಸ್ಯ ಮಾಡಿದಾಗ ಎದ್ದು ನಿಂತು ಆಕ್ಷೇಪಿಸುತ್ತಾನೆಯೇ? ‘ಒಳಗೆ ಬಿಟ್ಟದ್ದೇ ತಪ್ಪಾಯಿತು’ ಎಂದಾರೆಂಬ ಅಳುಕಿನಲ್ಲಿ ಅವನು ನಗುತ್ತಾನೆ. ಆ ನಗುವನ್ನು ಒಪ್ಪಿಗೆ ಎಂದು ತಿಳಿಯುವುದು ದೊಡ್ಡ ಅನ್ಯಾಯ.

ಲಾಹೋರಿನಲ್ಲಿ 1886ರಲ್ಲಿ ದೀಕ್ಷೆ ಪಡೆದ ರಡ್ಯಾರ್ಡ್ ಕಿಪ್ಲಿಂಗರ ಲಾಡ್ಜಿನಲ್ಲಿ ಹಿಂದೂ, ಮುಸ್ಲಿಂ, ಯಹೂದಿ, ಕ್ರೈಸ್ತರೆಲ್ಲ ಇದ್ದರು. ಅದನ್ನು ನೆನೆದು ಅವರು ಬರೆದ ‘ದಿ ಮದರ್ ಲಾಡ್ಜ್’ ಕವಿತೆಯಲ್ಲಿ ಒಂದು ಸಂಗತಿ ಬರುತ್ತದೆ. ಯಾರ ಜಾತಿಯೂ ಕೆಡದಿರಲೆಂದು ಆ ಸದಸ್ಯರು ಔತಣವನ್ನೇ ಇಟ್ಟುಕೊಳ್ಳುತ್ತಿರಲಿಲ್ಲ. ಹೊಗೆ ಸೇದುತ್ತ ಕೂತು ತಂತಮ್ಮ ದೇವರ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. ಜಾತಿಗೆ ಮಣಿದ ಆ ಏರ್ಪಾಡು ನನಗೆ ಪೂರ್ತಿ ಒಪ್ಪಿಗೆಯಲ್ಲ. ಆದರೆ ಒಬ್ಬನನ್ನು ಪಂಕ್ತಿಯಿಂದ ಏಳಿಸುವ ಬದಲು ಎಲ್ಲರೂ ಊಟ ಬಿಟ್ಟರಲ್ಲ, ಆ ಸೌಜನ್ಯ ದೊಡ್ಡದು. ಪರರ ದೇವರ ಬಗ್ಗೆ ನಗೆಯಾಡದೆ ತನ್ನ ದೇವರ ಬಗ್ಗೆ ಹೇಳುವುದು, ಇನ್ನೊಬ್ಬ ಹೇಳಿದ್ದನ್ನು ಕೇಳುವುದು: ಜೊತೆಗಿರುವ ವಿದ್ಯೆಯಲ್ಲಿ ಇದು ಮೊದಲ ಪಾಠ.

ಹೊಸಬರನ್ನು ಗೋಳುಹೊಯ್ದುಕೊಳ್ಳುವುದು ಕೂಟಗಳ ಇನ್ನೊಂದು ಹಳೆಯ ಚಟ. ದೀಕ್ಷೆಯ ದಿನ ಮೇಕೆಯ ಮೇಲೆ ಸವಾರಿ ಮಾಡಬೇಕೆಂದು ಅಭ್ಯರ್ಥಿಯನ್ನು ಹೆದರಿಸುವ ತಮಾಷೆ ಅಮೆರಿಕದಲ್ಲಿ ಬಹಳ ಕಾಲ ನಡೆಯಿತು. ಫ್ರೀಮೇಸನ್ ವಿಧಿಗಳಲ್ಲಿ ಅಂಥದ್ದೇನೂ ಇಲ್ಲ. ಆದರೂ 2004ರ ಮಾರ್ಚಿನಲ್ಲಿ ನ್ಯೂಯಾರ್ಕ್ ರಾಜ್ಯದ ಪ್ಯಾಚೋಗ್‌ನಲ್ಲಿ, ಲಾಡ್ಜಿನ ನೆಲಮಾಳಿಗೆಯಲ್ಲಿ, ಅಧಿಕೃತ ವಿಧಿಗೆ ಸೇರದ ಒಂದು ‘ಹೆದರಿಸುವ ಆಟ’ ನಡೆಯಿತು. ಹುಸಿ ಪಿಸ್ತೂಲು ಹಾರಿಸಬೇಕಿದ್ದ 76 ವರ್ಷದ ಹಿರಿಯ ಸದಸ್ಯರು ಇನ್ನೊಂದು ಜೇಬಿನ ನಿಜವಾದ ಪಿಸ್ತೂಲು ತೆಗೆದರು. 47 ವರ್ಷದ ಹೊಸ ಸದಸ್ಯ ಅಲ್ಲೇ ಸತ್ತ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಇಷ್ಟು ಅಕ್ಷರಶಃ ನಿಜವಾದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಹಾಗೆಂದು ಗೇಲಿಯೇ ಬೇಡವೆಂದು ನಾನು ಹೇಳಲಾರೆ. ನಮ್ಮ ಮದುವೆಗಳಲ್ಲಿ ಬೀಗರನ್ನು ಜರಿಯುವ ಹಾಡುಗಳಿವೆ. ಬೀಗಿತ್ತಿಯ ಮೂಗು, ಬೀಗರ ಜಿಪುಣತನ, ಯಾವುದನ್ನೂ ಬಿಡುವುದಿಲ್ಲ. ಅದರಿಂದ ಸಂಬಂಧ ಮುರಿಯದೆ ಬಿಗಿಯಾಗುವುದಕ್ಕೆ ಕಾರಣವಿದೆ. ಈ ಕಡೆಯವರು ಹಾಡಿದರೆ ಆ ಕಡೆಯವರಿಗೂ ಸರದಿ ಉಂಟು, ಬೆನ್ನಿಗೆ ಅಷ್ಟೇ ಜನ ಉಂಟು, ಹಾಡು ನಿಲ್ಲಿಸುವ ಹೊತ್ತೂ ಉಂಟು. ಹತ್ತು ಜನರ ನಡುವೆ ಒಬ್ಬನೇ ಮುಸ್ಲಿಂ, ಒಬ್ಬನೇ ದಲಿತ, ಒಬ್ಬನೇ ಕಪ್ಪು ಮೈಯವನು ಕೂತಿದ್ದಾಗ ಅವನಿಗೆ ಆ ಸರದಿ ಎಲ್ಲಿಂದ ಬರಬೇಕು? ತಿರುಗಿ ಹಾಡಲಾಗದವನ ಮೇಲೆ ಕಟ್ಟಿದ ಹಾಡು ಬರೀ ಬೈಗುಳ.

1961ರ ನವೆಂಬರ್ 24ರಂದು ಭಾರತದ್ದೇ ಆದ ಗ್ರ್ಯಾಂಡ್ ಲಾಡ್ಜ್, ಎಂದರೆ ಲಾಡ್ಜುಗಳ ಮೇಲಿನ ಆಡಳಿತ ಸಂಸ್ಥೆ, ಸ್ಥಾಪನೆಯಾಯಿತು. ಇಲ್ಲಿಯ ಲಾಡ್ಜುಗಳಲ್ಲಿ ಗೀತೆ, ಕುರ್‌ಆನ್, ಬೈಬಲ್ಲುಗಳನ್ನು ಜೊತೆಜೊತೆಯಾಗಿ ತೆರೆದಿಡುತ್ತಾರೆ. ಗ್ರಂಥಗಳನ್ನು ಪಕ್ಕಪಕ್ಕ ಇಡುವುದು ಸುಲಭ, ನಂಬುವ ಜನ ಪಕ್ಕಪಕ್ಕ ಉಣ್ಣುವುದು ಕಷ್ಟ. ಆ ಕಷ್ಟಕ್ಕೆ ಈ ಸಂಘದ ದೀಕ್ಷಾವಿಧಿಯೇ ಒಂದು ದಾರಿ ಹೇಳುತ್ತದೆ. ಇಂಗ್ಲಿಷ್ ಪದ್ಧತಿಯಲ್ಲಿ ಹೊಸ ಸದಸ್ಯನಿಗೆ ಬಿಳಿ ಏಪ್ರನ್ ಕಟ್ಟಿದೊಡನೆ ಒಂದು ಬುದ್ಧಿಮಾತು ಇದೆ: ಮನಸ್ತಾಪವಿರುವ ಸೋದರನೊಬ್ಬ ಒಳಗಿದ್ದರೆ ಇದನ್ನು ಕಟ್ಟಿಕೊಂಡು ಹೋಗಬೇಡ, ಮೊದಲು ಅವನನ್ನು ಹೊರಗೆ ಕರೆದು ಮಾತಾಡಿ ಸರಿಮಾಡಿಕೋ. ಎಲ್ಲರೆದುರು ಹೀಯಾಳಿಸದೆ, ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗದೆ, ಇಬ್ಬರೇ ಕೂತು ಆಡುವ ಮಾತು.

ನನ್ನ ಬೇಡಿಕೆ ಅದಕ್ಕಿಂತ ಒಂದು ಹೆಜ್ಜೆ ಹೆಚ್ಚಿನದು. ಆ ಮಾತನ್ನು ನೊಂದವನೇ ಎತ್ತಬೇಕೆಂದು ಕಾಯಬಾರದು. ಹಾಸ್ಯ ಮಾಡಿದವನ ಮತದವರು, ಅವನ ಭಾಷೆಯವರು, ಅವನ ಪಕ್ಕದಲ್ಲೇ ಕೂತು ಉಣ್ಣುವವರು ಎತ್ತಬೇಕು. ‘ಅಣ್ಣಾ, ಆ ಮಾತು ಬೇಡವಿತ್ತು’ ಎಂದು ಅವರಲ್ಲೊಬ್ಬರು ಮೆಲ್ಲಗೆ ಹೇಳಿದರೂ ಸಾಕು. ಅಷ್ಟು ಧೈರ್ಯ ಇರುವ ಕೂಟವನ್ನು ನಾನು ಸೋದರತ್ವ ಎಂದು ಒಪ್ಪುತ್ತೇನೆ.