ಮಹಡಿಯ ಮನೆಯವರು

ಅಮೆರಿಕದ ವಿಶ್ವವಿದ್ಯಾನಿಲಯವೊಂದರಲ್ಲಿ ಕೆಲಸಕ್ಕೆ ಸೇರಿದ ನನ್ನ ತಮ್ಮ ಮೊದಲ ವಾರವೇ ದೂರವಾಣಿಯಲ್ಲಿ ನೊಂದು ನುಡಿದ: “ಅಣ್ಣಾ, ಪಾಸ್‌ಪೋರ್ಟು, ವೀಸಾ ಎಲ್ಲವನ್ನೂ ಪರೀಕ್ಷಿಸಿದರು. ನಾನೇನು ಕಳ್ಳನೇ?”

ಮರುವಾರ ಅವನ ದನಿ ಬದಲಾಗಿತ್ತು. ಅಲ್ಲಿಯೇ ಹುಟ್ಟಿ ಬೆಳೆದ ಸಹೋದ್ಯೋಗಿಯೂ ಅದೇ ಐ-9 ನಮೂನೆಯನ್ನು ತುಂಬಿದ್ದನಂತೆ. 1986ರ ಕಾನೂನಿನ ಮೇರೆಗೆ, ಸೇರಿದ 3 ಕೆಲಸದ ದಿನಗಳೊಳಗೆ ಪ್ರತಿಯೊಬ್ಬ ಹೊಸ ನೌಕರನೂ ದಾಖಲೆ ತೋರಿಸಬೇಕು. ಪಟ್ಟಿಯಲ್ಲಿರುವ ಯಾವುದನ್ನು ತೋರಿಸುವುದೆಂಬುದು ಅವನ ಇಷ್ಟ. ಪರದೇಶದವನೆಂದು ಒಬ್ಬನನ್ನೇ ಹೆಚ್ಚು ಕೇಳುವಂತಿಲ್ಲ.

ನಾನು ಸುಮ್ಮನಾದೆ. ದೊಡ್ಡಬಳ್ಳಾಪುರದ ನಮ್ಮ ಮನೆಯ ಮಹಡಿಯಲ್ಲಿ ಮಗ್ಗದ ಕೆಲಸಗಾರರಿಬ್ಬರು ಬಾಡಿಗೆಗಿದ್ದಾರೆ. ಒಡಿಶಾದವನಿಂದ ಆಧಾರಿನ ಪ್ರತಿ ಪಡೆದಿದ್ದೆ; ತುಮಕೂರಿನವನಿಂದ ಪಡೆದಿರಲಿಲ್ಲ. ಕೊಡುವಾಗ ಅವನ ತಲೆ ಬಾಗಿದ್ದುದು ಈಗ ನೆನಪಾಯಿತು.

ಅಂದು ಸಂಜೆ ತುಮಕೂರಿನವನನ್ನೂ ಕೇಳಿದೆ. “ನನ್ನದೂ ಬೇಕೇ ಸ್ವಾಮಿ?” ಎಂದ. “ಬೇಕಪ್ಪ” ಎಂದೆ. ಮೆಟ್ಟಿಲಲ್ಲಿ ನಿಂತಿದ್ದ ಒಡಿಶಾದವನು ಮೊದಲ ಬಾರಿಗೆ ನನ್ನತ್ತ ನೋಡಿ ನಕ್ಕ.